"ಕೈಸರನದು ಕೈಸರನಿಗೆ" ಅಂದ ಮೇಲೆ ಕ್ರೈಸ್ತರಿಗೆ ರಾಜಕೀಯ ಯಾಕೆ?

ನೀವು ಕೇಳಿದ್ದು ಇದು: "ಕೈಸರನದನ್ನು ಕೈಸರನಿಗೆ, ದೇವರದನ್ನು ದೇವರಿಗೆ ಕೊಡಿ ಅಂತ ಯೇಸುವೇ ಹೇಳಿದ್ದಾರೆ. ಹಾಗಿದ್ದರೆ ಕ್ರೈಸ್ತರು ರಾಜಕೀಯದಿಂದ ದೂರ ಇರಬೇಕಲ್ವಾ? ಚುನಾವಣೆ ಬಂದಾಗ ಫಾದರ್ ಯಾರಿಗೆ ವೋಟು ಹಾಕಬೇಕು ಅಂತ ಹೇಳ್ತಾರಾ?"

ನಾನು ಸಾಗರ ತಾಲ್ಲೂಕಿನವಳು, ಕಥೋಲಿಕಳು. 2015ರಿಂದ ಐದು ವರ್ಷ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಈ ಪ್ರಶ್ನೆಯನ್ನು ಚರ್ಚ್ ಅಂಗಳದಲ್ಲೂ ಕೇಳಿಸಿಕೊಂಡಿದ್ದೇನೆ, ಪಂಚಾಯಿತಿ ಕಟ್ಟೆಯಲ್ಲೂ ಕೇಳಿಸಿಕೊಂಡಿದ್ದೇನೆ.

ಮೊದಲು ಆ ಮಾತು ಯಾವಾಗ ಬಂತು ನೋಡಿ. ಮಾರ್ಕನ ಶುಭಸಂದೇಶದ 12ನೇ ಅಧ್ಯಾಯ. ಕೆಲವರು ಯೇಸುವನ್ನು ಮಾತಿನಲ್ಲಿ ಸಿಕ್ಕಿಸಲು ಬರುತ್ತಾರೆ. ಕೈಸರನಿಗೆ, ಅಂದರೆ ರೋಮಿನ ಚಕ್ರವರ್ತಿಗೆ, ತೆರಿಗೆ ಕೊಡಬೇಕೋ ಬೇಡವೋ ಅಂತ ಕೇಳುತ್ತಾರೆ. ಕೊಡಿ ಅಂದರೆ ಊರ ಜನರಿಗೆ ಸಿಟ್ಟು. ಬೇಡ ಅಂದರೆ ರೋಮಿನವರು ಹಿಡಿದುಕೊಂಡು ಹೋಗುತ್ತಾರೆ. ಯೇಸು ಒಂದು ನಾಣ್ಯ ತರಿಸಿ, "ಇದರ ಮೇಲಿರುವ ಮುಖ ಯಾರದು?" ಅಂತ ತಿರುಗಿ ಕೇಳುತ್ತಾರೆ. ಆಗ ಚಕ್ರವರ್ತಿಯಾಗಿದ್ದವನು ತಿಬೇರಿಯಸ್. ಅವನ ಬೆಳ್ಳಿ ನಾಣ್ಯದಲ್ಲಿ ಮುಖದ ಸುತ್ತ, ತಾನು ದೈವವಾದ ಅಗಸ್ಟಸನ ಮಗ ಅಂತ ಬರೆಸಿಕೊಂಡಿದ್ದ. ದೇವರನ್ನು ರಾಜಕೀಯಕ್ಕೆ ಎಳೆದು ತಂದವನು ಅಲ್ಲಿ ಕೈಸರನೇ.

ನಾಣ್ಯದ ಮೇಲೆ ಕೈಸರನ ಮುಖ ಇದೆ, ಸರಿ. ದೇವರ ಮುಖ ಯಾವುದರ ಮೇಲಿದೆ? ಬೈಬಲ್ಲಿನ ಮೊದಲ ಅಧ್ಯಾಯದಲ್ಲೇ ಉತ್ತರ ಇದೆ. ದೇವರು ಮನುಷ್ಯನನ್ನು ತನ್ನ ರೂಪದಲ್ಲಿ ಸೃಷ್ಟಿಸಿದ. ಈ ಎರಡನ್ನೂ ಜೋಡಿಸಿ ಓದಿದವರು ಸುಮಾರು 1,800 ವರ್ಷದ ಹಿಂದಿನ ಕ್ರೈಸ್ತ ಲೇಖಕ ತೆರ್ತುಲಿಯನ್, ಉತ್ತರ ಆಫ್ರಿಕಾದ ಕಾರ್ಥೇಜಿನವರು. ನಾಣ್ಯ ಕೈಸರನಿಗೆ, ಮನುಷ್ಯ ದೇವರಿಗೆ ಅಂದರು. ಕಂದಾಯ ಕಟ್ಟಬೇಕು. ಆದರೆ ಮನುಷ್ಯನನ್ನು ಕೈಸರನ ಸೊತ್ತು ಅಂತ ಒಪ್ಪಿಕೊಳ್ಳುವ ಹಾಗಿಲ್ಲ. ನೀವು ದೂರ ಇರಿ ಅಂತ ಓದಿದ ಮಾತನ್ನು ನಾನು ಕೈಸರನಿಗೆ ಹಾಕಿದ ಬೇಲಿ ಅಂತ ಓದುತ್ತೇನೆ.

ನಮ್ಮ ಕಡೆಯ ಒಂದು ಸಂಗತಿ ಹೇಳುತ್ತೇನೆ. ಸಾಗರದ ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಜನರನ್ನು ಕೂಡಿಸಿದವರು ಎಚ್. ಗಣಪತಿಯಪ್ಪನವರು. ಸಮಾಜವಾದಿ ನಾಯಕ ಲೋಹಿಯಾ ಅವರೂ ಬಂದು ಬಂಧನಕ್ಕೆ ಒಳಗಾದರು. ಆ ಜಗಳದಲ್ಲಿ ದೊಡ್ಡ ವಿಷಯವಾಗಿದ್ದದ್ದು ಕೊಳಗ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು. ವರ್ಷವಿಡೀ ಕೆಸರಲ್ಲಿ ನಿಂತು ದುಡಿದವನ ಅಂಗಳದಿಂದ ಪ್ರತಿ ಕೊಳಗಕ್ಕೂ ಒಂದಿಷ್ಟು ಭತ್ತ ಜಾಸ್ತಿ ಹೋಗುತ್ತಿತ್ತು.

ಬೈಬಲ್ಲಿನ ಧರ್ಮೋಪದೇಶಕಾಂಡದ 25ನೇ ಅಧ್ಯಾಯ ತೆಗೆದು ನೋಡಿ. ನಿನ್ನ ಮನೆಯಲ್ಲಿ ದೊಡ್ಡದೊಂದು ಚಿಕ್ಕದೊಂದು ಅಂತ ಎರಡು ಅಳತೆ ಇರಬಾರದು ಅಂತ ಬರೆದಿದೆ. ಸಾವಿರಾರು ವರ್ಷ ಹಳೆಯ ಮಾತು. ಮೊದಲ ಸಲ ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಕಾಗೋಡಿನವರು ಬೈಬಲ್ ಓದಿ ಹೋರಾಟಕ್ಕೆ ಇಳಿದವರಲ್ಲ, ಅವರ ಹೋರಾಟಕ್ಕೆ ನಮ್ಮ ಹೆಸರು ಅಂಟಿಸುವುದು ತಪ್ಪು. ನಾನು ಕೇಳುವುದು ಇಷ್ಟೇ: ಭತ್ತದ ಕೊಳಗ ಧರ್ಮದ ವಿಷಯವೋ ರಾಜಕೀಯದ ವಿಷಯವೋ? ದೇವರು ಕೊಳಗದ ಬಗ್ಗೆ ಮಾತಾಡಿದ ಮೇಲೆ, ಅದು ಚರ್ಚ್‌ಗೆ ಸಂಬಂಧವಿಲ್ಲ ಅಂತ ನಾನು ಹೇಗೆ ಹೇಳಲಿ?

ಇದಕ್ಕೆ ಎದುರಾಗಿ ಪೌಲರ ಮಾತನ್ನು ಎತ್ತುವವರಿದ್ದಾರೆ. ರೋಮಿನವರಿಗೆ ಬರೆದ ಪತ್ರದ 13ನೇ ಅಧ್ಯಾಯ, ಅಧಿಕಾರಿಗಳಿಗೆ ವಿಧೇಯರಾಗಿರಿ ಅಂತ. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಸರ್ಕಾರ ವರ್ಣಭೇದವನ್ನು ಉಳಿಸಿಕೊಳ್ಳಲು ಇದೇ ಅಧ್ಯಾಯವನ್ನು ಬಳಸಿತು. 1985ರಲ್ಲಿ ಅಲ್ಲಿನ ಕ್ರೈಸ್ತ ಚಿಂತಕರು ಕೈರೋಸ್ ಎಂಬ ಹೇಳಿಕೆ ಬರೆದು, ಇದು ದೇವರ ಮಾತಿನ ದುರುಪಯೋಗ ಅಂದರು. ಯೇಸುವಿನ ಶಿಷ್ಯ ಪೇತ್ರರಂತೂ ಅಧಿಕಾರಿಗಳ ಮುಂದೆಯೇ ನಿಂತು, ಮನುಷ್ಯರಿಗಿಂತ ಹೆಚ್ಚಾಗಿ ದೇವರಿಗೆ ವಿಧೇಯರಾಗಬೇಕು ಅಂದಿದ್ದರು.

ಹಾಗಂತ ಚರ್ಚ್ ಯಾವಾಗಲೂ ಸರಿಯಾಗಿ ನಡೆದುಕೊಂಡಿತು ಅಂತಲ್ಲ. 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಕ್ರೈಸ್ತ ಧರ್ಮವನ್ನೇ ರೋಮ್ ಸಾಮ್ರಾಜ್ಯದ ಧರ್ಮ ಮಾಡಿದ. ಅಲ್ಲಿಂದ ಕೈಸರನ ಪಕ್ಕದಲ್ಲೇ ನಮಗೂ ಕುರ್ಚಿ ಸಿಕ್ಕಿತು. ಗೋವಾದಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಶುರುವಾಯಿತು. ನಂಬಿಕೆಯ ಹೆಸರಲ್ಲಿ ಜನರನ್ನು ವಿಚಾರಣೆಗೆ ಎಳೆದು ಶಿಕ್ಷಿಸಿದರು. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ. ಕೊಂಕಣಿ ಮಾತಾಡುವ ನಮ್ಮ ಹಿರಿಯರು ಗೋವಾದಿಂದ ಕೆನರಾ ಕರಾವಳಿಗೆ ಬಂದವರು, ಆಮೇಲೆ ಘಟ್ಟ ಹತ್ತಿದವರು. ಆ ಕರಾವಳಿಯನ್ನು ಆಗ ಆಳುತ್ತಿದ್ದವರು ಕೆಳದಿಯ ವೀರಶೈವ ಅರಸರು. ಅವರ ಆಳ್ವಿಕೆಯಲ್ಲಿ ನಮ್ಮವರು ಚರ್ಚ್ ಕಟ್ಟಿಕೊಂಡರು, ಗದ್ದೆ ಮಾಡಿದರು, ಕ್ರೈಸ್ತ ರಾಜ ಇಲ್ಲದೆಯೂ ಕ್ರೈಸ್ತರಾಗಿ ಬಾಳಿದರು. ಆ ಅರಸರು ಕಟ್ಟಿಸಿದ ಇಕ್ಕೇರಿ ದೇವಸ್ಥಾನದ ಮುಂದೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕಥೋಲಿಕ ಚರ್ಚ್ 1965ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಅಂತ ಸ್ಪಷ್ಟವಾಗಿ ಬರೆಯಿತು. ಬಲವಂತವಿಲ್ಲದೆ ನಂಬುವ ಹಕ್ಕು ಮನುಷ್ಯನ ಘನತೆಯಿಂದಲೇ ಬರುತ್ತದೆ ಅಂದಿತು. ತುಂಬಾ ತಡವಾಯಿತು, ನಿಜ. ಆದರೂ ಅದು ಮತ್ತೆ ಮನುಷ್ಯನ ಮೇಲಿರುವ ಮುಖಕ್ಕೇ ಬಂದು ನಿಂತ ಮಾತು.

ಈಗ ನನ್ನ ಪಂಚಾಯಿತಿ ದಿನಗಳದ್ದು. 2017ರಲ್ಲಿ ನಮ್ಮ ವಾರ್ಡಿಗೆ ಬಂದ ಅನುದಾನ ಒಂದೇ ಕೆಲಸಕ್ಕೆ ಸಾಕಾಗುವಷ್ಟಿತ್ತು. ಚರ್ಚ್‌ಗೆ ಹೋಗುವ ದಾರಿಗೆ ಕಾಂಕ್ರೀಟ್ ಹಾಕಿಸು ಅಂತ ನಮ್ಮವರ ಒತ್ತಾಯ. ಮಳೆಗಾಲದಲ್ಲಿ ಅದು ಜಾರುತ್ತಿತ್ತು, ಮುದುಕರು ಬೀಳುತ್ತಿದ್ದರು, ಸುಳ್ಳಲ್ಲ. ಆದರೆ ಕೆಳಗಿನ ಕೇರಿಯ ಮನೆಗಳಿಗೆ ನೀರಿನ ಪೈಪೇ ಬಂದಿರಲಿಲ್ಲ. ಬೇಸಿಗೆಯಲ್ಲಿ ಹೆಂಗಸರು ಕೊಡ ಹೊತ್ತು ಗುಡ್ಡ ಹತ್ತುತ್ತಿದ್ದರು. ಅವರಲ್ಲಿ ಒಬ್ಬರೂ ಚರ್ಚ್‌ನವರಲ್ಲ. ನಾನು ಕ್ರಿಯಾಯೋಜನೆಯಲ್ಲಿ ಪೈಪ್‌ಲೈನ್ ಬರೆಸಿದೆ.

"ನಮ್ಮವಳೇ ಆಗಿ ಹೀಗೆ ಮಾಡಿದೆಯಲ್ಲ ಮಾರಾಯ್ತಿ," ಅಂತ ಹಿರಿಯರೊಬ್ಬರು ಪೂಜೆ ಮುಗಿದ ಮೇಲೆ ಎಲ್ಲರ ಮುಂದೆ ಹೇಳಿದರು. ಕೆಲವರು ತಿಂಗಳುಗಟ್ಟಲೆ ಮಾತು ಬಿಟ್ಟರು. ನಾನು ರಾತ್ರಿ ಅತ್ತಿದ್ದೂ ಇದೆ.

ಆ ನವೆಂಬರಿನಲ್ಲಿ ಕ್ರಿಸ್ತರಾಜನ ಹಬ್ಬ ಬಂತು. ಈ ಹಬ್ಬವನ್ನು ಪೋಪ್ 11ನೇ ಪಿಯುಸ್ ಶುರುಮಾಡಿದ್ದು 1925ರಲ್ಲಿ, ಇಟಲಿಯಲ್ಲಿ ಮುಸೊಲಿನಿ ಆಳುತ್ತಿದ್ದಾಗ. ಆ ದಿನದ ಶುಭಸಂದೇಶ ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಒಂದು ವರ್ಷ ರೋಮಿನ ಅಧಿಕಾರಿ ಪಿಲಾತನ ಮುಂದೆ ಕೈದಿಯಾಗಿ ನಿಂತ ಯೇಸು. ಒಂದು ವರ್ಷ ಶಿಲುಬೆಯ ಮೇಲೆ ಕಳ್ಳನ ಪಕ್ಕದಲ್ಲಿ ನೇತಾಡುವ ಯೇಸು. ರಾಜನ ಹಬ್ಬಕ್ಕೆ ಓದುವುದು ಇವನ್ನು! ಆ ವರ್ಷದ ಸರದಿ ಮತ್ತಾಯನ 25ನೇ ಅಧ್ಯಾಯ: ನಾನು ಬಾಯಾರಿದ್ದೆ, ನೀವು ನನಗೆ ಕುಡಿಯಲು ಕೊಟ್ಟಿರಿ. ಓದುವ ಪಾಳಿ ಇನ್ಯಾರದ್ದೋ ಇತ್ತು, ನಾನು ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಹೊರಗೆ ಬಂದಾಗ ಅದೇ ಹಿರಿಯರು ಹತ್ತಿರ ಬಂದು, "ಪೈಪ್ ಕೆಲಸ ಎಲ್ಲಿಗೆ ಬಂತು?" ಅಂತ ಕೇಳಿದರು.

ನಿಮ್ಮ ಕೊನೆಯ ಪ್ರಶ್ನೆ. ಇಲ್ಲ, ನಮ್ಮ ಚರ್ಚ್‌ನಲ್ಲಿ ಫಾದರ್ ಯಾರ ಹೆಸರನ್ನೂ ಹೇಳಿದ್ದು ನಾನು ಕೇಳಿಲ್ಲ. ಕಥೋಲಿಕ ಗುರುಗಳು ಸರ್ಕಾರಿ ಅಧಿಕಾರದ ಹುದ್ದೆ ಹಿಡಿಯಬಾರದು ಅಂತ ಚರ್ಚ್‌ನ 1983ರ ಕಾನೂನು ಸಂಹಿತೆಯೇ ಹೇಳುತ್ತದೆ. ಧರ್ಮದ ಹೆಸರಲ್ಲಿ ವೋಟು ಕೇಳುವುದನ್ನು ನಮ್ಮ ದೇಶದ ಚುನಾವಣಾ ಕಾನೂನೂ ಭ್ರಷ್ಟ ಆಚರಣೆ ಅನ್ನುತ್ತದೆ. ಚುನಾವಣೆಗೆ ಮುಂಚಿನ ಭಾನುವಾರ ನಮ್ಮಲ್ಲಿ ಮತದಾನದ ದಿನ ಹೇಳುತ್ತಾರೆ, ದುಡ್ಡು ಸೀರೆ ಇಸ್ಕೊಂಡು ವೋಟು ಹಾಕಬೇಡಿ ಅನ್ನುತ್ತಾರೆ. ಆಮೇಲೆ ಆಳುವವರಿಗಾಗಿ ಒಂದು ಪ್ರಾರ್ಥನೆ ಇರುತ್ತದೆ. ಗೆದ್ದವರು ಯಾವ ಪಕ್ಷದವರಾದರೂ ಮುಂದಿನ ಭಾನುವಾರವೂ ಅದೇ ಪ್ರಾರ್ಥನೆ.