ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾಲ್ಯದ ಕಾರ್ಟೂನಿಗೆ ಹೊಸ ರೂಪ ಬಂದಾಗ

ಪ್ರಶ್ನೆ: ನಾನು ತೊಂಬತ್ತರ ದಶಕದಲ್ಲಿ ಭಾನುವಾರದ ಬೆಳಗ್ಗೆ ದೂರದರ್ಶನದಲ್ಲಿ ಹಿಂದಿ ಅರೆಬರೆ ಅರ್ಥವಾದರೂ ಬಿಡದೆ ‘ಡಕ್‌ ಟೇಲ್ಸ್’ ನೋಡಿದವಳು. ನನ್ನ ತಮ್ಮ ಕೇಬಲ್ ಬಂದ ಮೇಲೆ ‘ಟೀನ್ ಟೈಟನ್ಸ್’ ನೋಡಿ ಬೆಳೆದವನು. ಈಗ ಮೂರನೇ ತರಗತಿಯಲ್ಲಿರುವ ನನ್ನ ಮಗಳಿಗೆ ‘ಟೀನ್ ಟೈಟನ್ಸ್ ಗೋ’ ಎಂದರೆ ಪ್ರಾಣ. ರಜೆಗೆಂದು ಬಂದಿದ್ದ ತಮ್ಮ ಅದನ್ನು ಕಂಡವನೇ “ಒಳ್ಳೆಯ ಕಥೆಯನ್ನು ಕುಲಗೆಡಿಸಿದ್ದಾರೆ” ಎಂದು ರೇಗಿ ಟಿವಿ ಆರಿಸಿಬಿಟ್ಟ. “ಮಾವ ಯಾಕೆ ಬೈದರು?” ಎಂದು ಮಗು ಅತ್ತಳು. ಹಳೆಯ ಅಭಿಮಾನಿಗಳ ಈ ಸಿಟ್ಟು ನ್ಯಾಯವೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ತಮ್ಮನಿಗೆ ಆದ ನಿರಾಸೆ ನಿಜವಾದದ್ದು, ಅದನ್ನು ಹುಡುಗಾಟವೆಂದು ತಳ್ಳಿಹಾಕಬೇಡಿ. 2003ರಿಂದ 2006ರವರೆಗೆ ಪ್ರಸಾರವಾದ, ಹದಿಹರೆಯದ ಐವರು ಸೂಪರ್‌ಹೀರೋಗಳ ತಂಡದ ಕಥೆಯಾದ ‘ಟೀನ್ ಟೈಟನ್ಸ್’ನಲ್ಲಿ ತಮಾಷೆಯ ಜೊತೆಗೆ ಭಾರವಾದ ಕಥೆಗಳೂ ಇದ್ದವು. ತಂಡದ ನಂಬಿಕೆ ಗಳಿಸಿ, ಕೊನೆಗೆ ಶತ್ರುವಿನ ಪಾಳೆಯ ಸೇರುವ ಟೆರಾ ಎಂಬ ಹುಡುಗಿಯ ಕಥೆಯನ್ನು ನೋಡಿದ ಹದಿಹರೆಯದವರು ಅದನ್ನು ಸುಲಭವಾಗಿ ಮರೆಯಲಾರರು. ಆ ಸರಣಿ ಮುಂದುವರಿಯಲಿ ಎಂದು ವರ್ಷಗಟ್ಟಲೆ ಕಾದವರಿಗೆ 2013ರಲ್ಲಿ ಸಿಕ್ಕಿದ್ದು ಅದೇ ಐದು ಪಾತ್ರಗಳು, ಅದೇ ಧ್ವನಿ ಕಲಾವಿದರು ಇದ್ದರೂ ಪುಟ್ಟ ಪುಟ್ಟ ಹಾಸ್ಯ ಕಂತುಗಳಾಗಿ ಬದಲಾಗಿದ್ದ ‘ಟೀನ್ ಟೈಟನ್ಸ್ ಗೋ’. ಕಾದದ್ದು ಒಂದು, ಬಂದದ್ದು ಇನ್ನೊಂದು ಎಂದಾಗ ಬೇಸರವಾಗುವುದು ಸಹಜ. ಆದರೆ ಆ ಹೊಸ ಸರಣಿ ಅವರಿಗಾಗಿ ಮಾಡಿದ್ದಲ್ಲ, ನಿಮ್ಮ ಮಗಳ ವಯಸ್ಸಿನವರಿಗಾಗಿ ಮಾಡಿದ್ದು. ಅವಳು ನಗುತ್ತಿದ್ದಾಳೆ ಎಂದರೆ ಅದು ತನ್ನ ಕೆಲಸವನ್ನು ಮಾಡುತ್ತಿದೆ.

ಸಿಟ್ಟಿಗೆ ಗಟ್ಟಿ ಕಾರಣವಿರುವ ಪ್ರಸಂಗಗಳೂ ಇವೆ. 1998ರಲ್ಲಿ ಶುರುವಾದ ‘ಪವರ್‌ಪಫ್ ಗರ್ಲ್ಸ್’ ಅನ್ನು 2016ರಲ್ಲಿ ಹೊಸದಾಗಿ ತೆಗೆದಾಗ ಅದರ ಸೃಷ್ಟಿಕರ್ತ ಕ್ರೇಗ್ ಮೆಕ್ರ್ಯಾಕನ್ ಅದರಲ್ಲಿ ಇರಲಿಲ್ಲ, ಮೂವರು ಹುಡುಗಿಯರಿಗೆ ಮೊದಲಿನಿಂದ ಧ್ವನಿ ಕೊಟ್ಟಿದ್ದ ಕಲಾವಿದೆಯರನ್ನೂ ಬದಲಿಸಲಾಗಿತ್ತು. ಒಂದು ಕೃತಿಯ ಹೆಸರನ್ನು ಇಟ್ಟುಕೊಂಡು, ಅದಕ್ಕೆ ಜೀವ ತುಂಬಿದವರನ್ನು ಹೊರಗಿಟ್ಟರೆ ಅದನ್ನು ಜೋರಾಗಿಯೇ ಪ್ರಶ್ನಿಸಬೇಕು. ನನಗೆ ಒಪ್ಪಿಗೆಯಾಗದಿರುವುದು ನೋಡುವ ಮೊದಲೇ ತೀರ್ಪು ಕೊಡುವ ಆತುರ. ಹಳೆಯ ‘ಥಂಡರ್‌ಕ್ಯಾಟ್ಸ್’ ಕಾರ್ಟೂನಿನ ಹೊಸ ರೂಪವಾದ ‘ಥಂಡರ್‌ಕ್ಯಾಟ್ಸ್ ರೋರ್’ ಪ್ರಸಾರವಾದದ್ದು 2020ರಲ್ಲಿ, ಅದರ ಚಿತ್ರಗಳ ಶೈಲಿಯನ್ನು ಹೀಗಳೆಯುವ ಕೆಲಸ 2018ರಲ್ಲಿ ಅದರ ಘೋಷಣೆಯಾದ ಕೂಡಲೇ ಆರಂಭವಾಗಿತ್ತು. ಅದೇ ವರ್ಷ ಹೊಸ ‘ಶೀ-ರಾ’ದ ಚಿತ್ರ ಹೊರಬಿದ್ದಾಗ, ನಾಯಕಿ ಹೆಣ್ಣಿನಂತೆ ಕಾಣುವುದಿಲ್ಲ ಎಂದು ಬೆಳೆದ ಗಂಡಸರು ಜಗಳ ತೆಗೆದರು, ಆ ಸರಣಿ ಐದು ಸೀಸನ್ ನಡೆದು ಮೆಚ್ಚುಗೆ ಗಳಿಸಿತು. ಕಂಪನಿ ನಾಟಕಗಳನ್ನು ನೋಡಿ ಬೆಳೆದ ದಾವಣಗೆರೆಯ ಹಿರಿಯರು, ಮೆಚ್ಚಿನ ಪಾತ್ರಕ್ಕೆ ಹೊಸ ನಟ ಬಂದಾಗ ಗೊಣಗಿದರೂ, ಪರದೆ ಏಳುವ ಮೊದಲೇ ಎದ್ದುಹೋಗುತ್ತಿರಲಿಲ್ಲ.

ಇನ್ನು ನೀವು ಮೆಚ್ಚಿದ ‘ಡಕ್‌ ಟೇಲ್ಸ್’ ವಿಷಯಕ್ಕೆ ಬರೋಣ, ಏಕೆಂದರೆ 1987ರ ಆ ಸರಣಿಯೇ ಒಂದು ಮರುಸೃಷ್ಟಿ. ಅದರ ನಾಯಕನಾದ ಜಿಪುಣ ಬಾತು ಸ್ಕ್ರೂಜ್‌ನನ್ನು ಚಿತ್ರಕಲಾವಿದ ಕಾರ್ಲ್ ಬಾರ್ಕ್ಸ್ ಕಾಮಿಕ್ಸ್‌ಗಾಗಿ ಸೃಷ್ಟಿಸಿದ್ದು 1947ರಲ್ಲಿ. ಟಿವಿಗೆ ತಂದವರು ಡೊನಾಲ್ಡ್‌ನನ್ನು ನೌಕಾಪಡೆಗೆ ಕಳಿಸಿ ಪಕ್ಕಕ್ಕೆ ಸರಿಸಿದರು, ಪುಟ್ಟ ವೆಬ್ಬಿಯನ್ನೂ ಪೈಲಟ್ ಲಾಂಚ್‌ಪ್ಯಾಡ್‌ನನ್ನೂ ಹೊಸದಾಗಿ ಸೇರಿಸಿದರು. ಆ ಹಳೆಯ ಸರಣಿಯ ಇಂಗ್ಲಿಷ್ ಮೂಲದಲ್ಲಿ ಮೂವರು ಮರಿ ಬಾತುಗಳಿಗೂ ಧ್ವನಿ ಕೊಟ್ಟವರು ಒಬ್ಬರೇ ಕಲಾವಿದೆ, ರಸ್ಸಿ ಟೇಲರ್. ಕೆಂಪು, ನೀಲಿ, ಹಸಿರು ಅಂಗಿ ಟೊಪ್ಪಿಗಳನ್ನು ಬಿಟ್ಟರೆ ಹ್ಯೂಯಿ, ಡ್ಯೂಯಿ, ಲೂಯಿಗಳಲ್ಲಿ ಯಾರು ಯಾರೆಂದು ಹೇಳುವುದೇ ಕಷ್ಟವಾಗಿತ್ತು. 2017ರ ಹೊಸ ಸರಣಿಯಲ್ಲಿ ಮೂವರಿಗೂ ಬೇರೆ ಬೇರೆ ದನಿ, ಬೇರೆ ಬೇರೆ ಸ್ವಭಾವ: ಹ್ಯೂಯಿ ಕೈಯಲ್ಲಿ ಮಾರ್ಗದರ್ಶಿ ಪುಸ್ತಕ ಹಿಡಿದೇ ಹೆಜ್ಜೆ ಇಡುವವನು, ಡ್ಯೂಯಿ ಸಾಹಸಕ್ಕೆ ಹಾತೊರೆಯುವವನು, ಲೂಯಿ ದುಡ್ಡಿನ ಲೆಕ್ಕ ಹಾಕುವವನು. ಹಳೆಯ ಸರಣಿ ಕೇಳದೆ ಬಿಟ್ಟಿದ್ದ ಒಂದು ಪ್ರಶ್ನೆಯನ್ನು, ಅಂದರೆ ಈ ಮಕ್ಕಳ ತಾಯಿ ಎಲ್ಲಿ ಎಂಬುದನ್ನು, ಅದು ಕೇಳಿ ಉತ್ತರವನ್ನೂ ಕೊಟ್ಟಿತು. ಶೀರ್ಷಿಕೆ ಗೀತೆಯನ್ನು ಮಾತ್ರ, ಹೊಸದಾಗಿ ಹಾಡಿಸಿ, ಉಳಿಸಿಕೊಂಡಿತು. ಹಳೆಯದನ್ನು ಪ್ರೀತಿಸಿದವರು ಅದರೊಳಗೆ ಖಾಲಿ ಉಳಿದಿದ್ದ ಜಾಗವನ್ನು ಗುರುತಿಸಿ ತುಂಬಿದ್ದರಿಂದಲೇ ಹಳೆಯ ಅಭಿಮಾನಿಗಳೂ ಅದನ್ನು ಅಪ್ಪಿಕೊಂಡರು ಎಂಬುದು ನನ್ನ ನಂಬಿಕೆ.

ನಿಮ್ಮ ತಮ್ಮ ಮುಂದಿನ ಸಲ ಬಂದಾಗ ಟಿವಿ ಆರಿಸುವುದು ಬೇಡ. ಟೆರಾಳ ಕಥೆಯ ಕಂತುಗಳನ್ನು ಸೊಸೆಯ ಜೊತೆ ಕೂತು ನೋಡಲಿ. ಹಳೆಯ ಸರಣಿಯನ್ನು ಯಾರೂ ಅಳಿಸಿಲ್ಲ. ಅವಳಿಗೆ ಅದು ಹಿಡಿಸದಿದ್ದರೆ ಒತ್ತಾಯ ಮಾಡದಿರಲಿ.

ಪ್ರಶ್ನೆ: ಆನಿಮೇಷನ್ ಕ್ಷೇತ್ರಕ್ಕೆ ಹೋಗಬೇಕೆಂದಿದ್ದೇನೆ. ಅಭಿಮಾನಿಗಳು ಗಲಾಟೆ ಮಾಡಿದರೆ ಕಲಾವಿದರು ಚಿತ್ರವನ್ನು ಬದಲಿಸಬೇಕೇ?
– ದೃಶ್ಯಕಲಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಗಲಾಟೆಯಲ್ಲಿ ಏನು ಹೇಳುತ್ತಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. 2019ರ ಏಪ್ರಿಲ್‌ನಲ್ಲಿ ‘ಸೋನಿಕ್’ ಚಲನಚಿತ್ರದ ಟ್ರೇಲರ್ ಬಂದಾಗ, 1991ರಿಂದ ವಿಡಿಯೊ ಗೇಮಿನಲ್ಲಿ ಆ ನೀಲಿ ಮುಳ್ಳುಹಂದಿಯನ್ನು ಕಂಡವರು ಅದರ ಮನುಷ್ಯರಂಥ ಹಲ್ಲುಗಳನ್ನೂ ಚಿಕ್ಕ ಕಣ್ಣುಗಳನ್ನೂ ಬೆರಳಿಟ್ಟು ತೋರಿಸಿ ಆಕ್ಷೇಪಿಸಿದರು. ಬಿಡುಗಡೆಯನ್ನು ನವೆಂಬರಿನಿಂದ ಮುಂದಿನ ಫೆಬ್ರವರಿಗೆ ಮುಂದೂಡಿ ಪಾತ್ರವನ್ನು ಹೊಸದಾಗಿ ರೂಪಿಸಿದರು, ಚಿತ್ರ ಗೆದ್ದಿತು. ಅಲ್ಲಿ ತಿದ್ದಲು ಸಾಧ್ಯವಾದದ್ದು ದೂರು ಸ್ಪಷ್ಟವಾಗಿದ್ದುದರಿಂದ. “ನನ್ನ ಬಾಲ್ಯವನ್ನೇ ಹಾಳುಮಾಡಿದಿರಿ” ಎಂಬ ಮಾತಿನಿಂದ ಕಲಾವಿದನಿಗೆ ಯಾವ ಗೆರೆಯನ್ನು ತಿದ್ದಬೇಕೆಂದು ತಿಳಿಯುವುದಿಲ್ಲ. ಕಣ್ಣು, ಬಣ್ಣ, ನಡಿಗೆ ಎಂದು ಹೆಸರಿಸಿದ ಟೀಕೆಯನ್ನು ಬರೆದಿಟ್ಟುಕೊಳ್ಳಿ. ಒಪ್ಪಿಗೆಯ ಮುದ್ರೆ ಒತ್ತಿದವರು ಮೇಲಿನವರಾಗಿದ್ದರೂ ಬೈಗುಳ ತಿನ್ನುವವರು, ಮತ್ತೆ ಹಗಲಿರುಳು ಕೂತು ಬಿಡಿಸುವವರು ಕೆಳಗಿನ ಕಲಾವಿದರೇ. ಆದ್ದರಿಂದ ಕೆಲಸಕ್ಕೆ ಸೇರುವಾಗ, ತಿದ್ದುಪಡಿಯ ಹೆಚ್ಚುವರಿ ದುಡಿಮೆಗೆ ಪ್ರತ್ಯೇಕ ಸಂಬಳವಿದೆಯೇ ಎಂದು ಕರಾರಿನಲ್ಲಿ ನೋಡಿಕೊಂಡೇ ಸಹಿ ಹಾಕಿ.