365ನೇ ಬಸ್ಸು ಹತ್ತದ ಹುಡುಗ

ಬನ್ನೇರುಘಟ್ಟ ರಸ್ತೆಯಲ್ಲಿ ಓಡಾಡುವವರಿಗೆಲ್ಲ 365ನೇ ನಂಬರಿನ ಬಸ್ಸು ಗೊತ್ತು. ಮೆಜೆಸ್ಟಿಕ್‌ನಿಂದ ಹೊರಟು ಡೇರಿ ವೃತ್ತ, ಜಯದೇವ, ಬಿಳೇಕಹಳ್ಳಿ ದಾಟಿ ರಾಷ್ಟ್ರೀಯ ಉದ್ಯಾನದವರೆಗೆ ಹೋಗುತ್ತದೆ. ದಾರಿಯಲ್ಲಿ ಒಂದು ನಿಲ್ದಾಣಕ್ಕೆ, ಅಲ್ಲಿರುವ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆಯಿಂದಾಗಿ, ಐಐಎಂ ಎಂದೇ ಹೆಸರು. ‘ಐಐಎಂ ಇಳಿಯುವವರು ಮುಂದೆ ಬನ್ನಿ’ ಎಂದು ಕಂಡಕ್ಟರ್ ಕೂಗುತ್ತಾರೆ. 2024ರ ಮೇ ತಿಂಗಳ ಕೊನೆಯಲ್ಲಿ, ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಬಂದ ಇಪ್ಪತ್ತಾರರ ಹುಡುಗನಿಗೆ ಆ ಕೂಗನ್ನು ಕೇಳಲಾಗುತ್ತಿರಲಿಲ್ಲ. ಹುಳಿಮಾವಿನ ಮನೆಯಿಂದ ಡೇರಿ ವೃತ್ತದ ಬಳಿಯ ಕಚೇರಿಗೆ ನೇರವಾಗಿ ಒಯ್ಯುವ ಬಸ್ಸನ್ನು ಬಿಟ್ಟು, ಜೆ.ಪಿ. ನಗರದ ಒಳಗೆ ಎರಡು ಬಸ್ಸು ಬದಲಿಸಿ, ದಿನವೂ ಮುಕ್ಕಾಲು ಗಂಟೆ ಹೆಚ್ಚು ಕಳೆಯುತ್ತಿದ್ದ.

ಅವನ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ, ಧಾರವಾಡದ ಹುಡುಗ ಎಂದರೆ ಸಾಕು. ಎದುರಿಗಿದ್ದಾಗ ‘ನೀವು’ ಎಂದೇ ಮಾತಾಡಿಸಿದ್ದೇನೆ. ನನ್ನ ಮಗನ ವಯಸ್ಸಿನವನಾದ್ದರಿಂದ ಬರಹದಲ್ಲಿ ಏಕವಚನ ತಾನಾಗಿಯೇ ಬರುತ್ತಿದೆ.

ಕರೆದುಕೊಂಡು ಬಂದವರು ಅವನ ಅಕ್ಕ. ಮಾತನ್ನೂ ಅವರೇ ಆಡಿದರು. ಮೂರು ವರ್ಷ ಐಐಎಂ ಪ್ರವೇಶದ ಕ್ಯಾಟ್ ಪರೀಕ್ಷೆ ಬರೆದಿದ್ದಾನೆ, 2021, 22, 23. ಮೂರನೆಯ ಸಲ 99 ಪರ್ಸೆಂಟೈಲ್ ದಾಟಿದ, ಅಂದರೆ ಬರೆದ ನೂರರಲ್ಲಿ ತೊಂಬತ್ತೊಂಬತ್ತು ಜನರಿಗಿಂತ ಮುಂದೆ. ಬೆಂಗಳೂರಿನ ಐಐಎಂನಿಂದ ಸಂದರ್ಶನದ ಕರೆ ಬಂತು. ಕೊನೆಗೆ ಬಂದದ್ದು ಕಾಯುವ ಪಟ್ಟಿಯಲ್ಲೊಂದು ಸಂಖ್ಯೆ. ‘ಊಟ ಸರಿಯಾಗಿ ಮಾಡುವುದಿಲ್ಲ ಮೇಡಂ, ರಾತ್ರಿಯೆಲ್ಲ ಮೊಬೈಲ್ ನೋಡುತ್ತಾ ಕುಳಿತಿರುತ್ತಾನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡಿ.’ ಆ ಗಾದೆ ಕಿವಿಗೆ ಬಿದ್ದೊಡನೆ ಹುಡುಗ ಕಣ್ಣು ಮುಚ್ಚಿಕೊಂಡ. ಎಷ್ಟು ಜನರ ಬಾಯಲ್ಲಿ ಅದನ್ನು ಕೇಳಿದ್ದನೋ.

ಆ ದಿನ ನಾನು ತಪ್ಪು ಮಾಡಿದೆ. ದೇಶದಲ್ಲಿ 21 ಐಐಎಂಗಳಿವೆ, ಇನ್ನೊಂದು ಐಐಎಂನಲ್ಲಿ ನಿಮಗೆ ಸೀಟು ಸಿಕ್ಕಿದೆಯಲ್ಲ, ಸುಮಾರು 3 ಲಕ್ಷ ಜನ ಬರೆಯುವ ಪರೀಕ್ಷೆಯಲ್ಲಿ ಇಷ್ಟು ಮೇಲೆ ಬಂದದ್ದೇ ಸಣ್ಣದಲ್ಲ ಎಂದೆಲ್ಲ ಹೇಳಿದೆ. ಎಲ್ಲವೂ ನಿಜ. ಎಲ್ಲವನ್ನೂ ಅವನ ಕಚೇರಿಯ ಗೆಳೆಯರು ಆಗಲೇ ಹೇಳಿದ್ದರು. ಅವನು ತಾಳ್ಮೆಯಿಂದ ಕೇಳಿ, ಶುಲ್ಕ ಕೊಟ್ಟು ಹೋದವನು ಮೂರು ವಾರ ಬರಲಿಲ್ಲ. ಇಪ್ಪತ್ತು ವರ್ಷದ ಅನುಭವವಿದ್ದರೂ, ಎದುರಿಗಿರುವವರ ಸಂಕಟ ನೋಡಲಾಗದೆ ಬೇಗ ಸಮಾಧಾನ ಹೇಳಿ ಮುಗಿಸುವ ಚಟ ನಮ್ಮನ್ನು ಬಿಡುವುದಿಲ್ಲ.

ಜೂನ್ ಮೂರನೆಯ ವಾರ ಒಬ್ಬನೇ ಬಂದ. ಪಟ್ಟಿ ನಿಂತುಹೋಗಿತ್ತು, ಅವನಿಗಿಂತ ಹನ್ನೊಂದು ಸಂಖ್ಯೆ ಹಿಂದೆ. ಅಷ್ಟು ದಿನವೂ ಅವನು ಒಂದು ಟೆಲಿಗ್ರಾಂ ಗುಂಪಿನಲ್ಲಿ ಬದುಕಿದ್ದ. ಯಾರು ಸೀಟು ಬಿಟ್ಟರು, ಯಾರು ಅಹಮದಾಬಾದಿಗೆ ಹೋದರು, ಇಂದು ಪಟ್ಟಿ ಎಷ್ಟು ಸರಿಯಿತು ಎಂದು ರಾತ್ರಿ ಎರಡು ಗಂಟೆಯವರೆಗೂ ಲೆಕ್ಕ ಹಾಕುವ ಗುಂಪು. ‘ಸೀಟು ಸಿಗುವುದಿಲ್ಲ ಎಂದಿದ್ದರೆ ಮೇ ತಿಂಗಳಲ್ಲೇ ಅತ್ತು ಮುಗಿಸುತ್ತಿದ್ದೆ’ ಎಂದ.

ಮೊದಲು ಕೇಳಬೇಕಾದದ್ದನ್ನು ಈ ಸಲ ಮೊದಲೇ ಕೇಳಿದೆ. ನಿದ್ದೆ ಎಷ್ಟು? ಮೂರು ಗಂಟೆ. ತೂಕ? ನಾಲ್ಕು ಕಿಲೋ ಇಳಿದಿದೆ. ಸಾಯಬೇಕು ಎನಿಸಿದೆಯೇ? ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ. ನೇರವಾಗಿ ಕೇಳಿದರೆ ಹೆಚ್ಚಿನವರಿಗೆ ಹಗುರವಾಗುತ್ತದೆ. ಅವನು ಯೋಚಿಸಿ ಹೇಳಿದ: ‘ಸಾಯಬೇಕು ಎನಿಸಿಲ್ಲ ಮೇಡಂ. ಯಾರ ಕಣ್ಣಿಗೂ ಬೀಳಬಾರದು ಎನಿಸಿದೆ.’ ಮೊದಲ ಮಾತಿಗೆ ಹೌದು ಎಂದಿದ್ದರೆ ಅಂದೇ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಹೇಗೂ ಕಳುಹಿಸುತ್ತೇನೆ ಎಂದೂ ತಿಳಿಸಿದೆ. ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವನ ಮೊಬೈಲಿನಲ್ಲಿ ಅವನ ಕೈಯಿಂದಲೇ ಉಳಿಸಿಸಿದೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಆಮೇಲೆ ಗಾದೆಯ ವಿಷಯಕ್ಕೆ ಬಂದೆ. ತುತ್ತು ಕೈಗೆ ಬಂದಿತ್ತು ಎಂಬುದೇ ಸುಳ್ಳು ಎಂದೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ತುಂಬಿದಾಗ, ಉಣ್ಣುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಲ್ಲುತ್ತಾರಲ್ಲ, ನಿಮ್ಮದು ಆ ಸ್ಥಿತಿ. ಅವರು ಮಜ್ಜಿಗೆಗೆ ಬಂದರೋ ಇಲ್ಲವೋ ಎಂದು ಇಣುಕುತ್ತಾ, ಪಾಯಸದ ವಾಸನೆ ಕುಡಿಯುತ್ತಾ ಒಂದೂವರೆ ತಿಂಗಳು ನಿಂತಿರಿ. ಕಾಲು ನೋಯದೆ ಇರುತ್ತದೆಯೇ? ಎರಡು ತಿಂಗಳಲ್ಲಿ ಮೊದಲ ಸಲವಿರಬೇಕು, ಅವನು ನಕ್ಕ. ನಗುತ್ತಲೇ ಅಳಲು ಶುರುಮಾಡಿದ.

ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1980ರ ದಶಕದಲ್ಲಿ ಇಂಥ ನೋವಿಗೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ‘ಲೋಕ ಒಪ್ಪದ ದುಃಖ’ ಎನ್ನಬಹುದು. ಮನೆಯಲ್ಲಿ ಸಾವಾದರೆ ಸೂತಕವಿದೆ, ಹನ್ನೊಂದನೆಯ ದಿನವಿದೆ, ಬಂದು ಕೂರುವ ನೆಂಟರಿದ್ದಾರೆ. ಸೀಟು ಸಿಗದವನಿಗೆ ಏನೂ ಇಲ್ಲ, ಮರುದಿನವೇ ‘ಮುಂದೇನು?’ ಎಂಬ ಪ್ರಶ್ನೆ. ಹಾಗಾಗಿ ನಾವೇ ಒಂದು ಸೂತಕ ಇಟ್ಟುಕೊಳ್ಳೋಣ ಎಂದೆ. ಹತ್ತು ದಿನ. ಆ ಗುಂಪಿನಿಂದ ಹೊರಬರಬೇಕು, ಕ್ಯಾಟ್ ಪುಸ್ತಕಗಳು ಅಟ್ಟ ಸೇರಬೇಕು, ಮುಂದೇನು ಎಂದವರಿಗೆ ‘ಜುಲೈನಲ್ಲಿ ಹೇಳುತ್ತೇನೆ’ ಎಂಬ ಒಂದೇ ಉತ್ತರ. ಅಳು ಬಂದರೆ ಅಳುವುದು.

ಮುಂದಿನ ಭೇಟಿಯಲ್ಲಿ ನಾನೊಂದು ಪ್ರಶ್ನೆ ಕೇಳಿದೆ. ಇದನ್ನು ಮೊದಲ ದಿನವೇ ಕೇಳಬೇಕಿತ್ತು. ಆ ಎರಡು ವರ್ಷದಲ್ಲಿ ಅಲ್ಲಿ ಏನನ್ನು ಓದಬೇಕೆಂದಿದ್ದಿರಿ? ಹುಡುಗ ಬಾಯಿ ತೆರೆದು ಮುಚ್ಚಿದ. ಕಟ್ಟಡದ ಬಗ್ಗೆ ಮಾತ್ರ ಗಂಟೆಗಟ್ಟಲೆ ಹೇಳಬಲ್ಲ. ಸಂಸ್ಥೆ ಶುರುವಾದದ್ದು 1973ರಲ್ಲಿ, ಆವರಣದ ವಿನ್ಯಾಸ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರದು, ಫತೇಪುರ್ ಸಿಕ್ರಿಯ ಅಂಗಳಗಳಿಂದ ಅವರು ಪ್ರೇರಣೆ ಪಡೆದಿದ್ದರು, ಬೂದು ಬಣ್ಣದ ಕಲ್ಲಿನ ಗೋಡೆ, ಉದ್ದುದ್ದ ಪಡಸಾಲೆ, ಮೇಲಿನ ಜಾಲಂದರದಿಂದ ಪಟ್ಟೆಪಟ್ಟೆಯಾಗಿ ಬೀಳುವ ಬಿಸಿಲು, ಬಳ್ಳಿ. ಎಂಜಿನಿಯರಿಂಗ್ ಓದುತ್ತಿದ್ದಾಗ ಹುಬ್ಬಳ್ಳಿಯಿಂದ ಗೆಳೆಯರೊಂದಿಗೆ ಯಾವುದೋ ಸ್ಪರ್ಧೆಗೆ ಅಲ್ಲಿಗೆ ಹೋಗಿದ್ದ. ಆಗ ವಯಸ್ಸು ಹತ್ತೊಂಬತ್ತು. ಸ್ಪರ್ಧೆಯ ಮೊದಲ ಸುತ್ತಿನಲ್ಲೇ ಸೋತು, ಸಂಜೆಯವರೆಗೆ ಆ ಪಡಸಾಲೆಯಲ್ಲಿ ಕುಳಿತಿದ್ದ. 2018ರಲ್ಲಿ ದೋಶಿಯವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ಪತ್ರಿಕೆಯ ತುಣುಕನ್ನು ಕತ್ತರಿಸಿ ಇಟ್ಟುಕೊಂಡ. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರು. ತುಣುಕು ಇನ್ನೂ ಅವನ ಪರ್ಸಿನಲ್ಲಿತ್ತು, ಮಡಿಕೆಯಲ್ಲಿ ಹರಿದು.

ಹತ್ತೊಂಬತ್ತರ ಒಂದು ಸಂಜೆಯನ್ನು ಅವನು ಏಳು ವರ್ಷ ಹೊತ್ತು ತಿರುಗಿದ್ದ. ಆ ಬಿಸಿಲಿನಲ್ಲಿ ಕುಳಿತ ಹುಡುಗ ಮುಂದೆ ಯಾರಾಗಬೇಕಿತ್ತೋ ಅವನಿಗಾಗಿ ಈ ಅಳು. ಇದನ್ನು ಓದಿನ ಪ್ರಶ್ನೆಯೊಂದಿಗೆ ಬೆರೆಸಿದ್ದರಿಂದ ಎರಡೂ ಕೆಟ್ಟಿದ್ದವು. ಮ್ಯಾನೇಜ್‌ಮೆಂಟ್ ಓದಬೇಕೋ ಬೇಡವೋ ಎಂಬುದು ಲೆಕ್ಕದ ವಿಷಯ. ಆ ಸಂಜೆ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಎರಡನ್ನೂ ಬೇರೆಬೇರೆ ದಿನ ನೋಡೋಣ ಎಂದೆ.

ಇನ್ನೊಂದು ಮುಳ್ಳು ಪಿಯುಸಿಯದು. ಅವನದು 2016ರ ತಂಡ. ಆ ವರ್ಷ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪ್ರಶ್ನೆಪತ್ರಿಕೆ ಎರಡು ಸಲ ಸೋರಿಕೆಯಾಗಿ, ಮಾರ್ಚ್‌ನಲ್ಲಿ ಮುಗಿಯಬೇಕಿದ್ದ ಪರೀಕ್ಷೆ ಏಪ್ರಿಲ್ 12ಕ್ಕೆ ನಡೆದದ್ದು ಆ ತಂಡದ ತಾಯಂದಿರಿಗೆ ಇಂದಿಗೂ ನೆನಪಿದೆ. ಮೊದಲ ಸಲ ಚೆನ್ನಾಗಿ ಬರೆದು ಬಂದಿದ್ದವನಿಗೆ ಏಪ್ರಿಲ್ ಹೊತ್ತಿಗೆ ಕಾಮಾಲೆ. ಅಂಕ ಬಿತ್ತು. ಬೆಂಗಳೂರಿನ ಐಐಎಂ ಆಯ್ಕೆಯಲ್ಲಿ ಕ್ಯಾಟ್ ಒಂದೇ ಅಲ್ಲ, ಹತ್ತನೆಯ ತರಗತಿ, ಪಿಯುಸಿ, ಪದವಿಯ ಅಂಕಗಳಿಗೂ ತೂಕವಿದೆ. ಇದು ಗೊತ್ತಿದ್ದೂ ಅವನು ಮೂರು ವರ್ಷ ಎಲ್ಲ ಕೊರತೆಯನ್ನೂ ಕ್ಯಾಟ್‌ನಿಂದಲೇ ತುಂಬಲು ಹೊರಟಿದ್ದ. ಒಂದು ಹಾಳೆಯ ಮೇಲೆ ಎರಡು ಕಾಲಂ ಹಾಕಿಸಿದೆ: ಇನ್ನು ಬದಲಾಗುವುದು, ಇನ್ನು ಬದಲಾಗದ್ದು. ಹದಿನೆಂಟರ ಹುಡುಗನ ಕಾಮಾಲೆ ಎರಡನೆಯದರಲ್ಲಿ ಬಂದು ಕುಳಿತಾಗ, ಅವನು ಬಹಳ ಹೊತ್ತು ಪೆನ್ನು ಕೆಳಗಿಡಲಿಲ್ಲ.

ಸಂದರ್ಶನದ ಕಥೆ ಬೇರೆ. ಧಾರವಾಡ ಪೇಡಾಕ್ಕೆ ಜಿಐ ಮಾನ್ಯತೆ, ಅಂದರೆ ಆ ಊರಿನದೇ ಎಂಬ ಅಧಿಕೃತ ಗುರುತು, ಇದೆ, ಆದರೂ ಅದು ದೊಡ್ಡ ಉದ್ಯಮವಾಗಿ ದೇಶದ ತುಂಬ ಏಕೆ ಹರಡಲಿಲ್ಲ ಎಂದು ಕೇಳಿದರಂತೆ. ಸರಕು ಸಾಗಣೆಯ ಸಾಫ್ಟ್‌ವೇರ್ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗಲಿಕ್ಕಿಲ್ಲ. ಅವನಿಗೆ ಒಂದೂ ಮಾತು ಹೊರಡಲಿಲ್ಲ. ಅಂದಿನಿಂದ ಸ್ನಾನ ಮಾಡುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಅದೇ ಪ್ರಶ್ನೆಗೆ ಹೊಸಹೊಸ ಉತ್ತರ. ‘ಪೇಡಾ ತಿನ್ನುವುದನ್ನೇ ಬಿಟ್ಟಿದ್ದೇನೆ’ ಎಂದ. ಗಂಭೀರವಾಗಿಯೇ ಹೇಳಿದ. ನಗದೆ ಇರಲು ನಾನು ಬಹಳ ಕಷ್ಟಪಟ್ಟೆ.

ಇದಕ್ಕೆ ಕೊಟ್ಟದ್ದು ಬರೆಯುವ ಕೆಲಸ. ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಿಂದ ಪರೀಕ್ಷಿಸುತ್ತಾ ಬಂದ ವಿಧಾನ: ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಕಾಗುಣಿತದ ಚಿಂತೆಯಿಲ್ಲದೆ, ಯಾರಿಗೂ ತೋರಿಸದೆ ಬರೆಯುವುದು. ಎಲ್ಲರಿಗೂ ಫಲ ಕೊಡುವುದಿಲ್ಲ. ಇವನಿಗೆ ಕೊಟ್ಟಿತು, ನಾನು ಎಣಿಸದ ರೀತಿಯಲ್ಲಿ. ಮೂರನೆಯ ದಿನದ ಬರಹ ಸಂದರ್ಶನವನ್ನು ಬಿಟ್ಟು ಊರಿನ ಕಾಕಾನ ಕಡೆಗೆ ಹೊರಳಿತ್ತು.

ಸಂದರ್ಶನದ ಪತ್ರವನ್ನೇ ಸೀಟೆಂದು ತಿಳಿದ ಕಾಕಾ ಓಣಿಯ ತುಂಬ ಎರಡು ಕಿಲೋ ಪೇಡಾ ಹಂಚಿದ್ದರು. ಅವ್ವ ಅದನ್ನು ತಡೆಯಲಿಲ್ಲ. ಅಪ್ಪ ಈಗ ಸಂಜೆಯ ಕಟ್ಟೆಗೆ ಹೋಗುವುದನ್ನು ನಿಲ್ಲಿಸಿದ್ದಾರೆ, ಕೇಳಿದರೆ ಮಂಡಿನೋವು ಎನ್ನುತ್ತಾರೆ. ಯಾರ ಕಣ್ಣಿಗೂ ಬೀಳಬಾರದು ಎಂಬ ಅವನ ಮಾತಿನ ಬೇರು ಇಲ್ಲಿತ್ತು. ವಿಷಯವನ್ನು ಅವ್ವ ನಿಧಾನವಾಗಿ ಎಲ್ಲರಿಗೂ ತಿಳಿಸಲಿ ಎಂದು ಅವನ ಯೋಚನೆ. ಬೇಡ ಎಂದೆ. ಅವರ ಮೇಲೆ ಆ ಭಾರ ಹಾಕಬೇಡಿ. ಕಾಕಾನಿಗೆ ನೀವೇ ಫೋನ್ ಮಾಡಿ. ಎರಡೇ ವಾಕ್ಯ: ಸೀಟು ಸಿಗಲಿಲ್ಲ, ನನಗೆ ಬೇಸರವಾಗಿದೆ. ಕಾರಣ ಕೊಡಬೇಡಿ, ಕ್ಷಮೆ ಕೇಳಬೇಡಿ, ಮುಂದಿನ ವರ್ಷ ತೋರಿಸುತ್ತೇನೆ ಎಂಬ ಮಾತಂತೂ ಬೇಡವೇ ಬೇಡ.

ಆ ಫೋನು ಮಾಡಲು ಆರು ದಿನ ತೆಗೆದುಕೊಂಡ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರಂತೆ: ‘ತಮ್ಮಾ, ಪೇಡಾ ತಿಂದವರು ಯಾರೂ ವಾಪಸ್ಸು ಕೊಡಲು ಬರುವುದಿಲ್ಲ ಬಿಡು. ಊಟ ಮಾಡಿದೆಯಾ?’ ನಾನು ನಾಲ್ಕು ಭೇಟಿಯಲ್ಲಿ ಮಾಡಲಾಗದ್ದನ್ನು ಈ ಮಾತು ಮಾಡಿತು.

ಇನ್ನೊಂದು ಐಐಎಂನ ಸೀಟಿನ ಗಡುವು ನಮ್ಮ ಹತ್ತು ದಿನದ ಸೂತಕದ ಒಳಗೇ ಬಿತ್ತು. ದುಃಖಕ್ಕೆ ರಜೆ ಕೊಡಬಹುದು, ಶುಲ್ಕದ ಕಂತಿಗೆ ಕೊಡಲಾಗದು. ಇಪ್ಪತ್ತು ಲಕ್ಷದ ಹತ್ತಿರದ ಶುಲ್ಕ, ಎರಡು ವರ್ಷದ ಸಂಬಳ ನಿಲ್ಲುವುದು, ಸಾಲದ ಕಂತು, ಓದಿದ ಮೇಲೆ ಬೇಕಾದ ಕೆಲಸ ಎಂಥದ್ದು, ಅದಕ್ಕೆ ಆ ಸಂಸ್ಥೆಯಿಂದ ಹೋದವರು ಎಷ್ಟಿದ್ದಾರೆ, ಇವನ್ನು ಅವನೇ ಕುಳಿತು ಬರೆದ. ಅಲ್ಲಿ ಓದುತ್ತಿರುವ ಇಬ್ಬರೊಂದಿಗೆ ಮಾತಾಡಲು ಹೇಳಿದೆ, ಒಬ್ಬರೊಂದಿಗೆ ಮಾತಾಡಿದ. ಕೊನೆಯ ದಿನ ಸೀಟು ಬಿಟ್ಟ. ಅದು ಸರಿಯೇ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ನನ್ನ ಮಗನಾಗಿದ್ದರೆ ಹೋಗು ಎನ್ನುತ್ತಿದ್ದೆನೋ ಏನೋ. ಆದರೆ ಕಾರಣ ಕೇಳಿದಾಗ ಬನ್ನೇರುಘಟ್ಟ ರಸ್ತೆಯ ಆ ಐಐಎಂ ಗೇಟಿನ ಹೆಸರು ಬರಲಿಲ್ಲ, ಸಾಲದ ಲೆಕ್ಕ ಬಂತು. ನನಗೆ ಅಷ್ಟು ಸಾಕಾಗಿತ್ತು.

ನಾಲ್ಕನೆಯ ಸಲ ಕ್ಯಾಟ್? ಪರೀಕ್ಷೆ ನಡೆಯುವುದು ನವೆಂಬರಿನ ಕೊನೆಗೆ, ಅರ್ಜಿ ತೆರೆಯುವುದು ಆಗಸ್ಟಿನಲ್ಲಿ. ಹಾಗಾಗಿ ತೀರ್ಮಾನವೂ ಆಗಸ್ಟಿಗೇ ಇರಲಿ ಎಂದೆ. ಬರೆಯುವುದಾದರೆ ಎರಡು ಷರತ್ತು. ಅರ್ಜಿ ಹಾಕುವ ಸಂಸ್ಥೆಗಳಲ್ಲಿ ಸಿಕ್ಕರೆ ಸಂತೋಷದಿಂದ ಹೋಗುವಂಥವು ಮಾತ್ರ ಇರಬೇಕು. ವಾರಾಂತ್ಯಗಳನ್ನೆಲ್ಲ ಅದಕ್ಕೇ ಕೊಡಬಾರದು, ಮೂರು ವರ್ಷದಿಂದ ಬಿಟ್ಟಿದ್ದ ಭಾನುವಾರದ ಕ್ರಿಕೆಟ್ ಮತ್ತೆ ಶುರುವಾಗಬೇಕು. ಉದ್ಯೋಗಸ್ಥರಿಗೆ ಅದೇ ಆವರಣದಲ್ಲಿ ವಾರಾಂತ್ಯದ ಕೋರ್ಸ್ ಇದೆಯಲ್ಲ, ಅದಕ್ಕೆ ಸೇರು ಎಂದು ಕಚೇರಿಯವರೊಬ್ಬರು ಹೇಳಿದ್ದರು. ಸದ್ಯಕ್ಕೆ ಆ ಯೋಚನೆ ಬೇಡ ಎಂದೆ. ಕೋರ್ಸ್ ಒಳ್ಳೆಯದೇ ಇರಬಹುದು. ಇವನು ಮಾತ್ರ ಇಂದು ಅದಕ್ಕೆ ಹೊರಟರೆ ಆ ಪಡಸಾಲೆಗಾಗಿ ಹೊರಡುತ್ತಾನೆ.

ಆಗಸ್ಟಿನಲ್ಲಿ ಅರ್ಜಿ ಹಾಕಲಿಲ್ಲ. ನಿದ್ದೆ ಆರು ಗಂಟೆಗೆ ಬಂದಿತ್ತು. ಸೆಪ್ಟೆಂಬರಿನ ಕೊನೆಯ ಭೇಟಿಯಲ್ಲಿ, ಮತ್ತೆ 365 ಹತ್ತುತ್ತಿದ್ದೇನೆ ಎಂದ. ಮೆಟ್ರೋ ಕಾಮಗಾರಿಯಿಂದಾಗಿ ಬಸ್ಸು ಸರಿಯಾಗಿ ಆ ಗೇಟಿನ ಎದುರಿಗೇ ಹತ್ತು ನಿಮಿಷ ನಿಲ್ಲುತ್ತದಂತೆ, ಯಾರೋ ಬೇಕೆಂದೇ ನಿಲ್ಲಿಸಿದ ಹಾಗೆ. ಹಿಂದಿನ ವಾರ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಐಐಎಂ ನಿಲ್ದಾಣದಲ್ಲಿ ಇಳಿದು ಕೊಡೆ ಮರೆತರು. ಕೊಡಲು ಇವನು ಕೆಳಗೆ ಜಿಗಿದ. ಅಷ್ಟರಲ್ಲಿ ಬಸ್ಸು ಹೊರಟುಹೋಯಿತು. ಮುಂದಿನದಕ್ಕಾಗಿ ಇಪ್ಪತ್ತೈದು ನಿಮಿಷ ಅಲ್ಲೇ ನಿಂತಿದ್ದ, ಜಿನುಗು ಮಳೆಯಲ್ಲಿ.

‘ಏನನ್ನಿಸಿತು?’ ಎಂದು ಕೇಳಿದೆ, ನಮ್ಮ ವೃತ್ತಿಯವರು ಕೇಳುವ ಹಾಗೆ.

‘ಈ ದಾರಿಗೆ ಇನ್ನೂ ನಾಲ್ಕು ಬಸ್ಸು ಹಾಕಬಾರದೇ ಎನ್ನಿಸಿತು ಮೇಡಂ’ ಎಂದ.