ಗೋಕರ್ಣಕ್ಕೆ ಮೂರು ದಿನ ಬರುವುದಾದರೆ ಮೊದಲು ಇಳಿತದ ಸಮಯ ನೋಡಿ

ನಮಸ್ಕಾರ ಅಣ್ಣ. ಮಾರ್ಚ್ ಮೊದಲ ವಾರ ತಿಪಟೂರಿನಿಂದ ಮೂರು ದಿನಕ್ಕೆ ಗೋಕರ್ಣಕ್ಕೆ ಬರ್ತೀವಿ, ಜೊತೆಗೆ 66 ವರ್ಷದ ಅಮ್ಮ, 10 ವರ್ಷದ ಮಗಳು ಇದ್ದಾರೆ, ಬೀಚ್ ಬಿಟ್ಟು ನಮ್ಮಂಥ ರೈತರು ನೋಡುವಂಥದ್ದು ಏನಿದೆ ಅಂತ ಕೇಳಿದ್ದೀರಿ. ಮೇಲೆ ಆಗಲೇ ಸುಮಾರು ಜನ ಮುರುಡೇಶ್ವರ, ಕಾರವಾರ, ಜೋಗ ಅಂತೆಲ್ಲ ಹಾಕಿದ್ದಾರೆ. ಎಲ್ಲವೂ ಒಳ್ಳೆ ಜಾಗಗಳೇ. ಆದರೆ ಅಷ್ಟನ್ನೂ ಮೂರು ದಿನಕ್ಕೆ ತುರುಕಿದರೆ ಅಮ್ಮನಿಗೆ ಕಾರಿನಲ್ಲೇ ಸುಸ್ತಾಗುತ್ತದೆ. ನಾನು ಕುಮಟಾ ತಾಲೂಕಿನವನು, ಅಘನಾಶಿನಿ ದಂಡೆಯಲ್ಲೇ ಬೆಳೆದವನು. ನನ್ನ ಮಾತು ಕೇಳುವುದಾದರೆ ಗೋಕರ್ಣದಿಂದ ಐವತ್ತು ಕಿಲೋಮೀಟರ್ ಒಳಗೇ ಇರಿ, ಮತ್ತೆ ಒಂದು ಪೂರ್ತಿ ದಿನ ಹೊಳೆಗೆ ಕೊಡಿ.

ಹೊಳೆ ಅಂದರೆ ಅಘನಾಶಿನಿ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಒಂದು ಅಣೆಕಟ್ಟು ಇಲ್ಲದೆ ತದಡಿಯಲ್ಲಿ ಸಮುದ್ರ ಸೇರುತ್ತದೆ. ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು. ಗೋಕರ್ಣದಿಂದ ಹತ್ತು ಕಿಲೋಮೀಟರ್ ಒಳಗೆ ಇದೆ, ಆದರೂ ಗೋಕರ್ಣಕ್ಕೆ ಬಂದವರಲ್ಲಿ ಹೆಚ್ಚಿನವರು ಅದನ್ನು ನೋಡದೇ ವಾಪಸ್ ಹೋಗುತ್ತಾರೆ. ನನಗೆ ತುಂಬಾ ಬೇಜಾರಾಗುವ ವಿಷಯ ಇದು.

ಅಲ್ಲಿಗೆ ಹೋಗಬೇಕಾದ್ದು ನೀರು ಇಳಿದಾಗ. ಇದನ್ನು ಮರೀಬೇಡಿ. ಇಳಿತ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ. ಮೊಬೈಲಿನಲ್ಲಿ ಕಾರವಾರದ ಉಬ್ಬರ-ಇಳಿತದ ಸಮಯ ಸಿಗುತ್ತದೆ, ಇಲ್ಲಾಂದ್ರೆ ಹಿಂದಿನ ದಿನ ಮೀನುಗಾರರನ್ನು ಕೇಳಿ, ಕರೆಕ್ಟಾಗಿ ಹೇಳ್ತಾರೆ. ನೀರು ಇಳಿದಾಗ ಹೊಳೆ ನಡುವೆ ಮರಳುದಿಬ್ಬ ಏಳುತ್ತದೆ, ಕೆಸರು ಬಯಲು ತೆರೆದುಕೊಳ್ಳುತ್ತದೆ. ಹೆಂಗಸರು ಸೊಂಟಮಟ್ಟದ ನೀರಿಗೆ ಇಳಿದು ಬಳಚು, ಅಂದರೆ ತಿನ್ನುವ ಚಿಪ್ಪು, ಹೆಕ್ಕುತ್ತಾರೆ. ಹತ್ತಿರದಿಂದ ನೋಡಿ ಅಣ್ಣ. ಕಣ್ಣಲ್ಲಿ ಹುಡುಕುವುದಿಲ್ಲ ಅವರು, ನೀರು ಕದಡಿ ಏನೂ ಕಾಣುವುದೂ ಇಲ್ಲ. ಅಂಗಾಲಿನಿಂದ ಮರಳು ಸರಿಸುತ್ತಾ ನಿಧಾನಕ್ಕೆ ಹೆಜ್ಜೆ ಇಡುತ್ತಾರೆ, ಕಾಲಿಗೆ ಚಿಪ್ಪು ತಾಗಿದ ಕೂಡಲೇ ಬಗ್ಗಿ ತೆಗೆದು, ಪಕ್ಕದಲ್ಲಿ ಹಗ್ಗ ಕಟ್ಟಿ ತೇಲಿಬಿಟ್ಟ ಪಾತ್ರೆಗೆ ಹಾಕುತ್ತಾರೆ. ಚಿಪ್ಪು ಪಾತ್ರೆಗೆ ಬೀಳುವ ಸದ್ದು ದಂಡೆವರೆಗೂ ಕೇಳುತ್ತದೆ. ನಿಮ್ಮ ಮಗಳು ಇದನ್ನು ಮರೆಯುವುದಿಲ್ಲ. ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ, ಅವರು ಕೆಲಸದಲ್ಲಿರುತ್ತಾರೆ. ಮಾರ್ಚ್ ಮೊದಲ ವಾರದಲ್ಲಿ ವಲಸೆ ಹಕ್ಕಿಗಳೂ ಇನ್ನೂ ಇರುತ್ತವೆ, ಉಲ್ಲಂಕಿ, ಕಡಲಕ್ಕಿ, ಜೊತೆಗೆ ಇಲ್ಲೇ ಇರುವ ಬೆಳ್ಳಕ್ಕಿ ಎಲ್ಲ ಅದೇ ಕೆಸರಿಗೆ ಬರುತ್ತವೆ. ದುರ್ಬೀನು ಇದ್ದರೆ ತನ್ನಿ.

ಇನ್ನು ನಮ್ಮ ಈ ರೈತರ ಗುಂಪಿನವರೆಲ್ಲ ನೋಡಲೇಬೇಕಾದ್ದು ಗಜನಿ ಗದ್ದೆ. ಹೊಳೆ ಪಕ್ಕ ಒಡ್ಡು ಹಾಕಿ ಉಳಿಸಿಕೊಂಡ ತಗ್ಗು ಭೂಮಿ. ಮಳೆಗಾಲದಲ್ಲಿ ಉಪ್ಪು ತೊಳೆದು ಹೋದ ಮೇಲೆ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪುನೀರು ತಡೆದುಕೊಂಡು, ನೀರಲ್ಲಿ ನಿಂತೇ ಬೆಳೆಯುವ ತಳಿ. ಗೊಬ್ಬರ ಇಲ್ಲ, ಔಷಧ ಇಲ್ಲ. ಹೊಳೆ ತಂದು ಹಾಕುವ ಮಣ್ಣೇ ಗೊಬ್ಬರ. ಕೊಯ್ಲು ಮುಗಿದ ಮೇಲೆ ಒಡ್ಡಿನ ಬಾಗಿಲು ತೆಗೆದು ಉಬ್ಬರದ ನೀರು ಒಳಗೆ ಬಿಡುತ್ತಾರೆ, ಅದರ ಜೊತೆ ಮೀನು, ಶೆಟ್ಲಿ ಬಂದು ಅಲ್ಲೇ ಬೆಳೆಯುತ್ತವೆ. ಶೆಟ್ಲಿ ಅಂದರೆ ನಿಮ್ಮ ಕಡೆಯ ಸಿಗಡಿ. ನೀವು ಬರುವ ಹೊತ್ತಿಗೆ ಗದ್ದೆಯಲ್ಲಿ ಭತ್ತ ಇರುವುದಿಲ್ಲ, ಬರೀ ನೀರು ಕಾಣುತ್ತದೆ. ಆದರೂ ಮಾಣಿಕಟ್ಟದ ಕಡೆ ಹೋಗಿ ಒಡ್ಡಿನ ಮೇಲೆ ನಡೆದು, ಅಲ್ಲಿಯ ರೈತರ ಹತ್ತಿರ ಮಾತಾಡಿ. ಕಗ್ಗದ ಅಕ್ಕಿ ಸಿಕ್ಕರೆ ಒಂದೆರಡು ಕೇಜಿ ತಗೊಳ್ಳಿ. ಕೆಂಪಕ್ಕಿ, ಗಂಜಿಗೆ ಬಹಳ ಚೆನ್ನಾಗಿರುತ್ತದೆ. ಈ ತಳಿ ಉಳಿಯಬೇಕು ಅಂದ್ರೆ ಯಾರಾದರೂ ಕೊಂಡು ತಿನ್ನಬೇಕು, ಅಲ್ವಾ?

ಅದೇ ದಿನ ಸಾಣಿಕಟ್ಟಾಕ್ಕೂ ಹೋಗಿ. ಗೋಕರ್ಣಕ್ಕೆ ಹತ್ತಿರವೇ. ಉಪ್ಪಿನ ಆಗರ ಅಲ್ಲಿರುವುದು. ಮಾರ್ಚ್‌ನಲ್ಲಿ ಬಿಸಿಲು ಏರಿದ ಹಾಗೆ ಉಪ್ಪು ಕಟ್ಟುತ್ತದೆ, ಹಾಗಾಗಿ ನೀವು ಆರಿಸಿದ ಸಮಯ ಇದಕ್ಕೆ ಸರಿಯಾಗಿದೆ. ಸಮುದ್ರದ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತಾ ದಪ್ಪ ಮಾಡಿ, ಕೊನೆ ಪಾತಿಯಲ್ಲಿ ಹರಳು ಕಟ್ಟಿದ ಮೇಲೆ ಉದ್ದ ಕೋಲಿಗೆ ಹಲಗೆ ಹಾಕಿದ ಸಾಧನದಿಂದ ಎಳೆದು ಗುಡ್ಡೆ ಮಾಡುತ್ತಾರೆ. ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆ ಆದ ಮೇಲೆ ಆ ಬಿಳಿ ನೆಲದ ಮೇಲೆ ಕಣ್ಣು ಬಿಡಲಿಕ್ಕಾಗುವುದಿಲ್ಲ.

ತದಡಿಯಿಂದ ಎದುರು ದಡದ ಅಘನಾಶಿನಿ ಊರಿಗೆ ದೋಣಿ ಇದೆ, ಊರವರು ದಿನಾ ಓಡಾಡುವಂಥದ್ದು. ಸುಮ್ನೆ ಒಮ್ಮೆ ಆಚೆ ಹೋಗಿ ಬನ್ನಿ. ಕೊನೆ ದೋಣಿ ಎಷ್ಟು ಗಂಟೆಗೆ ಅಂತ ಹತ್ತುವಾಗಲೇ ಕೇಳಿಕೊಳ್ಳಿ.

ಬೀಚ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಊರ ಬೀಚಿನಿಂದ ದಕ್ಷಿಣಕ್ಕೆ ಕುಡ್ಲೆ, ಆಮೇಲೆ ಓಂ, ಹಾಫ್ ಮೂನ್, ಪ್ಯಾರಡೈಸ್. ನಡುವೆ ಕೆಂಪುಕಲ್ಲಿನ ಗುಡ್ಡಗಳು, ಕೆಳಗೆ ಬಂಡೆ. ಅಮ್ಮನನ್ನು ಕುಡ್ಲೆಗೆ ಸಂಜೆ ಕರೆದುಕೊಂಡು ಹೋಗಿ, ಸೂರ್ಯ ಮುಳುಗುವವರೆಗೂ ಕೂತಿರಿ. ಓಂ ಬೀಚಿಗೆ ರಸ್ತೆ ಇದೆ, ಮೆಟ್ಟಿಲು ಇಳಿಯಬೇಕು. ಅದರಾಚೆಗಿನ ಎರಡು ಕಡೆಗೆ ಹೆಚ್ಚಿನವರು ನಡೆದೇ ಹೋಗುತ್ತಾರೆ. ಅಲ್ಲಿಗೆ ನೀವು ಮತ್ತು ಮಗಳು ಮಾತ್ರ ಹೋಗಿ, ಅದೂ ಬೆಳಿಗ್ಗೆ. ಕೆಲವು ವರ್ಷದ ಹಿಂದೆ ನಾನು ನಮ್ಮ ಮಾವನವರನ್ನು ಮಧ್ಯಾಹ್ನ ಮೂರಕ್ಕೆ ಪ್ಯಾರಡೈಸ್ ಕಡೆ ಕರೆದುಕೊಂಡು ಹೊರಟೆ, ಎಲ್ಲರಿಗೂ ಸೇರಿ ಒಂದೇ ಬಾಟಲಿ ನೀರು. ವಾಪಸ್ ಬರುವಾಗ ಕತ್ತಲಾಯಿತು, ಗುಡ್ಡದ ಅಂಚಿನಲ್ಲಿ ಸಣ್ಣ ಜಲ್ಲಿಕಲ್ಲಿನ ಮೇಲೆ ಮಾವ ಜಾರಿದರು. ಅಂಗೈ ಸುಲಿದು ರಕ್ತ ಬಂತು, ಅಷ್ಟೇ ಆಯಿತು. ಒಂದು ಮಾರು ಆಚೆ ಜಾರಿದ್ದರೆ ಕೆಳಗೆ ಬಂಡೆ. ಈಗಲೂ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ, ಒಬ್ಬೊಬ್ಬರಿಗೂ ಒಂದು ಲೀಟರ್ ನೀರು ಇಟ್ಟುಕೊಳ್ಳಿ.

ನೀರಿಗೆ ಇಳಿಯುವುದಾದರೆ ಲೈಫ್‌ಗಾರ್ಡ್ ಇರುವ ಕಡೆ ಮಾತ್ರ, ಮಗಳ ಕೈ ಬಿಡಬೇಡಿ. ಬಂಡೆ ಮೇಲೆ ನಿಂತು ಫೋಟೋ ಬೇಡವೇ ಬೇಡ. ಪಾಚಿ ಕಟ್ಟಿರುತ್ತದೆ, ನಾಲ್ಕು ಸಣ್ಣ ಅಲೆ ಬಂದು ಐದನೆಯದು ದೊಡ್ಡದು ಬಂದರೆ ನಿಂತ ಜಾಗವೇ ತೊಳೆದು ಹೋಗುತ್ತದೆ. ಬಯಲುಸೀಮೆಯಿಂದ ಬಂದ ಮಕ್ಕಳು ಹೀಗೆ ಜೀವ ಕಳೆದುಕೊಂಡ ಸುದ್ದಿ ಓದಿ ಓದಿ ಸಾಕಾಗಿದೆ.

ದೇವಸ್ಥಾನಕ್ಕೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಗಂಡಸರು ಪಂಚೆ ಉಡಬೇಕು, ಅಂಗಿ ತೆಗೆಯಬೇಕು. ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ದರ್ಶನ ಮುಗಿಸಿ ಪೇಟೆಬೀದಿಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಸೊಪ್ಪು ತರಕಾರಿ ಮಾರಲು ಕೂತಿರುತ್ತಾರೆ, ಕೊರಳ ತುಂಬಾ ಮಣಿಸರ. ಗಿಡ ಬೆಳೆಸಿ ಪದ್ಮಶ್ರೀ ಪಡೆದ ತುಳಸಿ ಗೌಡರು ಇದೇ ಸಮುದಾಯದವರು. ಮಾರಲು ಕೂತ ಹೆಂಗಸರ ಹತ್ತಿರ ಚೌಕಾಸಿ ಮಾಡಬೇಡಿ, ಯಾವ ಸೊಪ್ಪಿನ ಬೀಜ ಹೇಗೆ ಇಡ್ತೀರಿ ಅಂತ ಕೇಳಿ. ಅಮ್ಮನಿಗೆ ಒಳ್ಳೆ ಮಾತುಕತೆ ಸಿಗುತ್ತದೆ.

ಮೂರನೇ ದಿನ ಮಿರ್ಜಾನ್ ಕೋಟೆ ಮತ್ತು ಯಾಣ. ಮಿರ್ಜಾನ್ ಹೆದ್ದಾರಿ 66ಕ್ಕೆ ಹತ್ತಿರವೇ ಇದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತಲೇ ಕರೆದರು, 54 ವರ್ಷ ಆಳಿದವಳು. ಮಳೆಗಾಲ ಮುಗಿದಾಗ ಕೋಟೆ ಪೂರ್ತಿ ಹಸಿರು, ಮಾರ್ಚ್‌ನಲ್ಲಿ ಒಣಗಿರುತ್ತದೆ, ಆದರೂ ಬಾವಿಗಳನ್ನು ನೋಡಲಿಕ್ಕಾದರೂ ಹೋಗಬೇಕು. ಯಾಣದ್ದು ಗಾದೆಯೇ ಇದೆಯಲ್ಲ, ರೊಕ್ಕಿದ್ದವನಿಗೆ ಗೋಕರ್ಣ, ಸೊಕ್ಕಿದ್ದವನಿಗೆ ಯಾಣ ಅಂತ. ಈಗ ಅಷ್ಟು ಕಷ್ಟ ಇಲ್ಲ, ರಸ್ತೆ ಇದೆ, ಕೊನೆಗೆ ಸ್ವಲ್ಪ ನಡಿಗೆ ಮತ್ತೆ ಮೆಟ್ಟಿಲು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕರೀ ಸುಣ್ಣಕಲ್ಲು. ಅಮ್ಮನ ಮಂಡಿ ನೋವು ನೋಡಿಕೊಂಡು ತೀರ್ಮಾನ ಮಾಡಿ. ವಿಭೂತಿ ಜಲಪಾತ ಬಿಡಿ, ಮಾರ್ಚ್‌ನಲ್ಲಿ ನೀರು ಕಡಿಮೆ.

ವಾಪಸ್ ಹೋಗುವಾಗ ಕುಮಟಾ ಹತ್ತಿರ ಹೆದ್ದಾರಿ ಪಕ್ಕ ಸಿಹಿ ಈರುಳ್ಳಿ ಜಡೆ ಕಟ್ಟಿ ನೇತುಹಾಕಿದ್ದು ಕಂಡರೆ ನಿಲ್ಲಿಸಿ. ಮಾರ್ಚ್‌ನಲ್ಲೇ ಅದು ಪೇಟೆಗೆ ಬರುವುದು. ಹಸಿಯಾಗಿ ಕಚ್ಚಿ ತಿನ್ನಬಹುದು, ಖಾರವೇ ಇಲ್ಲ. ಗಾಳಿ ಆಡುವ ಕಡೆ ತೂಗುಹಾಕಿ, ಚೀಲದಲ್ಲಿ ಇಟ್ಟರೆ ಕೊಳೆಯುತ್ತದೆ.

ರೈಲಿನಲ್ಲಿ ಬರುವುದಾದರೆ ಗೋಕರ್ಣ ರೋಡ್ ಸ್ಟೇಷನ್‌ನಲ್ಲಿ ಇಳಿಯಿರಿ, ಅಲ್ಲಿಂದ ಊರಿಗೆ ಆಟೋ ಬೇಕು. ಶಿವರಾತ್ರಿ ಆ ವಾರಕ್ಕೆ ಬರುತ್ತದಾ ಅಂತ ಮಾತ್ರ ಪಂಚಾಂಗ ನೋಡಿಕೊಳ್ಳಿ, ತೇರಿನ ಸಮಯದಲ್ಲಿ ರೂಮು ಸಿಗುವುದು ಕಷ್ಟ. ತಾರೀಕು ಪಕ್ಕಾ ಆದ ಮೇಲೆ ಇಲ್ಲೇ ಹಾಕಿ ಅಣ್ಣ, ಆ ಮೂರು ದಿನದ ಇಳಿತದ ಸಮಯ ನಾನೇ ನೋಡಿ ಬರೆಯುತ್ತೇನೆ.